ಎಂಟು ಫೇಡರ್‌ಗಳ ಪುಟ್ಟ ಪೆಟ್ಟಿಗೆ ಪಳಗಿದ ಕಥೆ

ಕಲಬುರಗಿಯ ಆಳಂದ ರಸ್ತೆಯಲ್ಲಿರುವ ನನ್ನ ರೆಕಾರ್ಡಿಂಗ್ ಕೋಣೆಗೆ ಕೋರ್ಗ್ ನ್ಯಾನೊಕಂಟ್ರೋಲ್ 2 (ಕಂಪ್ಯೂಟರಿನಲ್ಲಿ ಧ್ವನಿ ಏರಿಳಿಸಲು ಎಂಟು ಜಾರುಗುಂಡಿಗಳು, ಅಂದರೆ ಫೇಡರ್‌ಗಳು, ಇರುವ ಪುಟ್ಟ ಪೆಟ್ಟಿಗೆ) ತಂದ ದಿನ, ಹೈದರಾಬಾದಿನ ಗೆಳೆಯರೊಬ್ಬರು ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಆಟಿಕೆ ತಂದಿದ್ದೀರಲ್ಲ, ದೊಡ್ಡ ಕನ್ಸೋಲ್ ಇಲ್ಲದೆ ಆಗದು" ಎಂದಿದ್ದರು. ಸ್ಟುಡಿಯೋಗಳ ಆ ದೊಡ್ಡ ಮಿಕ್ಸಿಂಗ್ ಮೇಜಿಗೆ ಲಕ್ಷ ಬೇಕು. ಇದಕ್ಕೆ ಕೊಟ್ಟದ್ದು ಆರೋ ಆರೂವರೆಯೋ ಸಾವಿರ. ಇಂದು ಹನ್ನೆರಡು ತತ್ವಪದಗಳ ಮಿಕ್ಸಿಂಗ್ ಅನ್ನು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೂವರೆ ದಿನಕ್ಕೆ ಮುಗಿಸುತ್ತೇನೆ. ಮೊದಲು ನಾಲ್ಕು ದಿನ ಹಿಡಿಯುತ್ತಿತ್ತು.

ಮೊದಲ ತಿಂಗಳು ಹಾಳಾಯಿತು. ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ಮಿಡಿ ಇನ್‌ಪುಟ್ (ಪೆಟ್ಟಿಗೆ ಕಳಿಸುವ ಅಂಕಿ-ಸಂದೇಶಗಳು ಬರುವ ದಾರಿ) ಚಾಲೂ ಮಾಡಿದ್ದೆ, ಫೇಡರ್ ಎಳೆದರೆ ಏನೂ ಅಲುಗುತ್ತಿರಲಿಲ್ಲ. ಕಂಟ್ರೋಲ್ ಸಂದೇಶಗಳಿಗೆ ಪ್ರತ್ಯೇಕ ಅನುಮತಿ ಕೊಡಬೇಕೆಂದು ತಿಳಿಯಲು ವಾರ ಹಿಡಿಯಿತು. ಆಮೇಲೆ ಗುಂಡಿಗಳ ಕಾಟ. ದೀಪ ಉರಿಯುತ್ತಿರಲಿ ಎಂದು ರೆಕಾರ್ಡ್ ಗುಂಡಿಯನ್ನು ಟಾಗಲ್‌ಗೆ ಇಟ್ಟಿದ್ದೆ. ಟಾಗಲ್‌ನಲ್ಲಿ ಒಂದು ಸಲ 127 ಹೋದರೆ ಮರುಸಲ 0 ಹೋಗುತ್ತದೆ, 0 ಬಂದರೆ ರೀಪರ್ ಸುಮ್ಮನಿರುತ್ತದೆ. ಜೇವರ್ಗಿ ಕಡೆಯ ಹಿರಿಯರೊಬ್ಬರು ಕಣ್ಣು ಮುಚ್ಚಿ ತೆಗೆದ ಆಲಾಪ ಆ ಸುಮ್ಮನಿದ್ದ ಸಲಕ್ಕೇ ಸಿಕ್ಕಿತು. ಅವರನ್ನು ಮತ್ತೆ ಕರೆಸಲು ದಾರಿಖರ್ಚು, ಊಟ, ತಬಲಾದವರ ಸಂಭಾವನೆ ಸೇರಿ ಮೂರು ಸಾವಿರದಷ್ಟಾಯಿತು. ಆ ಆಲಾಪ ಮಾತ್ರ ಮರಳಲಿಲ್ಲ. ಅಂದೇ ಎಲ್ಲ ಗುಂಡಿಗಳನ್ನೂ ಮೊಮೆಂಟರಿಗೆ, ಅಂದರೆ ಒತ್ತಿದಾಗಲೆಲ್ಲ 127 ಕಳಿಸುವ ಬಗೆಗೆ, ಬದಲಿಸಿದೆ.

ಎರಡನೆಯ ಸಲ ಅವರೇ ಹೆಡ್‌ಫೋನ್ ತೆಗೆದು, "ಮಾಸ್ತರೇ, ನನ್ನ ಹಿಂದೆ ಇನ್ನೊಬ್ಬರು ಹಾಡುತ್ತಿದ್ದಾರೆ" ಎಂದರು. ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಹಿಡಿದಿಟ್ಟು ಕಳಿಸುವ ಧ್ವನಿಯ ತುಣುಕು, 1024 ಸ್ಯಾಂಪಲ್‌ಗಳಷ್ಟಿತ್ತು, 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್) ಹೋಗುವಾಗಲೇ 21 ಮಿಲಿಸೆಕೆಂಡ್ ತಡ, ಬರುವಾಗ ಮತ್ತಷ್ಟು. ಈಗ ಹಾಡಿಸುವಾಗ 128, ಮಿಕ್ಸಿಂಗ್‌ಗೆ 1024. ಯುಎಸ್‌ಬಿ ಪೋರ್ಟ್ ಬದಲಾದರೆ ವಿಂಡೋಸ್ ಪೆಟ್ಟಿಗೆಯನ್ನು ಹೊಸ ಸಾಧನವೆಂದು ತಿಳಿದುಬಿಡುತ್ತದೆ, ಅದಕ್ಕೇ ನನ್ನ ಪೋರ್ಟ್‌ಗೆ ಕುಂಕುಮದ ಬೊಟ್ಟು ಇಟ್ಟಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹಾರ್ಮೋನಿಯಂ ನುಡಿಸುವವನೂ ನಾನೇ, ಗುಂಡಿ ಒತ್ತಲು ಕೈ ಬಿಡುವಿಲ್ಲ. ಸಂಗೀತದ ಕೀಬೋರ್ಡಿನ ಸಸ್ಟೇನ್ ಪೆಡಲ್ (ಸ್ವರ ಎಳೆದು ನಿಲ್ಲಿಸುವ ಪೆಡಲ್) ಕಳಿಸುವ 64ನೆಯ ಕಂಟ್ರೋಲರ್ ಸಂದೇಶವನ್ನು ರೀಪರ್‌ನ ಆ್ಯಕ್ಷನ್ ಪಟ್ಟಿಯಲ್ಲಿ ರೆಕಾರ್ಡ್‌ಗೆ ಕಟ್ಟಿ, ನೆಲದ ಮೇಲೆ ಕುಳಿತು ಮೊಣಕಾಲಿನಿಂದ ಒತ್ತಿದೆ. ಕೆಲಸ ಮಾಡಿತು, ಆದರೆ ನೆಲದ ಶಹಾಬಾದ್ ಪರಸಿ ಕಲ್ಲಿನ ಮೇಲೆ 'ಟಕ್' ಎಂದದ್ದೂ ಮೈಕ್‌ಗೆ ಬಿತ್ತು. ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದ ಮೇಲೆ ಸದ್ದಡಗಿತು.

ಫೇಡರ್‌ಗೆ ಇರುವುದು 128 ಮೆಟ್ಟಿಲು, ತಂಬೂರಿಯ ನಾದ ಇಳಿಸುವಾಗ ಅವು ಕಿವಿಗೆ ಬೀಳುತ್ತವೆ ಎಂದು ಹೆದರಿಸಿದವರಿದ್ದರು. ನನ್ನ ಮಿಕ್ಸ್‌ಗಳಲ್ಲಿ ಬೀಳುವುದಿಲ್ಲ. ಫೇಡರ್‌ನ ಕೆಳಗಿನ ಕಾಲುಭಾಗವನ್ನು ನಾನು ಹೇಗೆ ಪಳಗಿಸಿದ್ದೇನೆ ಎಂಬುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲಾರೆ.

ಎಲ್ಲ ಹೊಂದಿದ ಮೇಲೆ ಕಾನ್ಫಿಗರೇಶನ್ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ಹೋದ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಡಿಸ್ಕ್ ಸತ್ತಾಗ, ಹೊಸ ಡಿಸ್ಕ್‌ನಲ್ಲಿ ಹತ್ತೇ ನಿಮಿಷಕ್ಕೆ ಎಂಟೂ ಫೇಡರ್‌ಗಳು ಎದ್ದು ಕುಳಿತವು. ಹೈದರಾಬಾದಿನ ಗೆಳೆಯರು ಈಚೆಗೆ ಅದೇ ಫೈಲ್ ಕೇಳಿದರು. ಕಳುಹಿಸಿದೆ, ಆ ಕಾಲುಭಾಗವೊಂದನ್ನು ಬಿಟ್ಟು.