ಮೊದಲು ಮನೆ, ಆಮೇಲೆ ದಾರಿ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಹನ್ನೊಂದು ರಾತ್ರಿ

ನನ್ನ ತಾಯಿ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದವರು. ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಯ ಮೊದಲ ಪಾಠಕ್ಕೆ ಅವರು ಕಪ್ಪು ಹಲಗೆಯ ಮೇಲೆ, ಫ್ರಾನ್ಸಿನ ಲಾಸ್ಕೋ ಗುಹೆಯಲ್ಲಿ ಆದಿಮಾನವರು ಚಿತ್ರಿಸಿದ ಗೂಳಿಯನ್ನು ಸೀಮೆಸುಣ್ಣದಿಂದ ಬರೆಯುತ್ತಿದ್ದರು. ನಿವೃತ್ತಿಯಾದ ಮೇಲೆ ಒಮ್ಮೆ, ಆ ಗುಹೆಯ ಕಡೆಗೆ ಹೋಗಿ ಬರುವುದು ಸಾಧ್ಯವೇ ಎಂದು ಕೇಳಿದರು. ಅಮ್ಮ, ನನ್ನ ಗಂಡ, ಹನ್ನೆರಡು ವರ್ಷದ ಮಗ ಮತ್ತು ನಾನು ನೈಋತ್ಯ ಫ್ರಾನ್ಸಿನ ದೋರ್ದೋನ್ ಮತ್ತು ಲೋತ್ ನದಿಗಳ ಕಣಿವೆಗಳಲ್ಲಿ ಸೆಪ್ಟೆಂಬರ್ ತಿಂಗಳ ಹನ್ನೊಂದು ರಾತ್ರಿಗಳನ್ನು ಕಳೆದು ಬಂದದ್ದು ಹೀಗೆ. ತಂಗುವ ಮನೆಗಳನ್ನು ಆರಿಸಿದ ಬಗೆಯನ್ನೂ ಅವುಗಳ ಸುತ್ತ ದಾರಿಗಳನ್ನು ಹೊಂದಿಸಿಕೊಂಡ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ಹಾಕಿದ ಯೋಜನೆ ತಪ್ಪಾಗಿತ್ತು. ನೋಡಬೇಕಾದ ಸ್ಥಳಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿ, ಅವುಗಳನ್ನು ಒಂದು ಸುತ್ತಿನಲ್ಲಿ ಜೋಡಿಸಿ, ಸಂಜೆ ಎಲ್ಲಿ ತಲುಪುತ್ತೇವೋ ಅಲ್ಲೊಂದು ಕೋಣೆ ಎಂದು ಲೆಕ್ಕ ಹಾಕಿದಾಗ ಏಳು ತಂಗುದಾಣಗಳಾದವು. ದಿನಕ್ಕೆ ನೂರು ನೂರಿಪ್ಪತ್ತು ಕಿಲೋಮೀಟರು ಎಂಬುದು ನಮ್ಮ ಕಣ್ಣಿಗೆ ಏನೂ ಅಲ್ಲ. ಆದರೆ ಅಲ್ಲಿನ ಹಳ್ಳಿ ಮನೆಗಳನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಬಿಡಬೇಕು, ಮುಂದಿನ ಮನೆಯ ಬೀಗ ಸಿಗುವುದು ಸಾಮಾನ್ಯವಾಗಿ ಸಂಜೆ ನಾಲ್ಕರ ಮೇಲೆ, ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ ಮಾತ್ರ. ಈ ಮೂರು ಗಡಿಗಳನ್ನು ಇಟ್ಟುಕೊಂಡು ಪ್ರತಿ ದಿನವನ್ನು ಗಂಟೆ ಗಂಟೆಯಾಗಿ ಬರೆದು ನೋಡಿದಾಗ, ಅಮ್ಮನಿಗೆ ಗುಹೆಯೊಳಗೆ ನಿಧಾನವಾಗಿ ನಿಂತು ನೋಡಲು ಸಮಯವೇ ಉಳಿಯಲಿಲ್ಲ. ಆ ಕಾಗದವನ್ನು ಅಲ್ಲಿಗೇ ಬಿಟ್ಟು, ಮೊದಲು ಮನೆಗಳನ್ನು ನಿಶ್ಚಯಿಸಿ, ಆ ಮನೆಯಿಂದ ಮುಕ್ಕಾಲು ಗಂಟೆಯೊಳಗೆ ಏನೇನು ಸಿಗುತ್ತದೆಯೋ ಅಷ್ಟನ್ನೇ ನೋಡುವುದೆಂದು ತೀರ್ಮಾನಿಸಿದೆ.

ಮುಕ್ಕಾಲು ಗಂಟೆ ಎಂದರೆ ಎಷ್ಟು ದೂರ ಎಂಬುದನ್ನು ಅಲ್ಲಿನ ರಸ್ತೆಗಳೇ ಹೇಳುತ್ತವೆ. ಫ್ರಾನ್ಸಿನ ಎರಡು ಪಥದ ಹಳ್ಳಿ ರಸ್ತೆಗಳಲ್ಲಿ ವೇಗದ ಮಿತಿ 2018ರ ಜುಲೈಯಿಂದ ಗಂಟೆಗೆ 80 ಕಿಲೋಮೀಟರು. ಕೆಲವು ಜಿಲ್ಲೆಗಳು ತಮ್ಮ ಕೆಲವು ರಸ್ತೆಗಳಲ್ಲಿ ಮತ್ತೆ 90ಕ್ಕೆ ಏರಿಸಿಕೊಂಡಿವೆ. ಊರಿನ ಹೆಸರಿರುವ ಕೆಂಪು ಅಂಚಿನ ಬಿಳಿ ಫಲಕ ಬಂದ ಕೂಡಲೇ, ಬೇರೆ ಯಾವ ಸೂಚನೆ ಇಲ್ಲದಿದ್ದರೂ, ಮಿತಿ 50ಕ್ಕೆ ಇಳಿಯುತ್ತದೆ. ಅದೇ ಹೆಸರಿಗೆ ಅಡ್ಡಗೀಟು ಎಳೆದ ಫಲಕ ಬಂದರೆ ಊರು ಮುಗಿಯಿತೆಂದು ಅರ್ಥ. ಕಣಿವೆಯ ರಸ್ತೆಗಳು ಬಂಡೆಗೂ ನದಿಗೂ ನಡುವೆ ತಿರುಗಿ ತಿರುಗಿ ಹೋಗುತ್ತವೆ, ಅವುಗಳ ಮೇಲೆ ಟ್ರ್ಯಾಕ್ಟರುಗಳೂ ಸೈಕಲ್ ಸವಾರರೂ ಇರುತ್ತಾರೆ. ಫೋನಿನ ನಕ್ಷೆ ಒಂದು ಗಂಟೆ ಎಂದು ಹೇಳಿದರೆ ನಾನು ಒಂದು ಗಂಟೆ ಇಪ್ಪತ್ತು ನಿಮಿಷ ಬರೆದುಕೊಂಡೆ, ಮತ್ತು ಹನ್ನೊಂದು ದಿನವೂ ಆ ಲೆಕ್ಕ ಸರಿಯಾಗಿಯೇ ನಡೆಯಿತು.

ಮನೆಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪ್ರವಾಸದ ಸುಖವೆಲ್ಲ ಅಲ್ಲಿಯೇ ನಿರ್ಧಾರವಾಗುತ್ತದೆ. ಹಳ್ಳಿಗಾಡಿನಲ್ಲಿ ಮುಖ್ಯವಾಗಿ ಎರಡು ಬಗೆಯ ತಂಗುದಾಣಗಳಿವೆ. ಒಂದು ‘ಷಾಂಬ್ರ್ ದೋತ್’: ಮನೆಯವರು ತಮ್ಮದೇ ಮನೆಯಲ್ಲಿ ಹೆಚ್ಚೆಂದರೆ ಐದು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾರೆ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ. ಮತ್ತೊಂದು ‘ಝೀತ್’: ಅಡುಗೆಮನೆ ಸಹಿತ ಇಡೀ ಮನೆಯನ್ನೇ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪದ್ಧತಿ. ಇಂಥ ಮನೆಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ‘ಝೀತ್ ದ ಫ್ರಾಂಸ್’ ಒಕ್ಕೂಟ 1955ರಿಂದ ನಡೆಯುತ್ತಿದೆ. ಜುಲೈ ಆಗಸ್ಟ್‌ಗಳಲ್ಲಿ ಝೀತ್‌ಗಳು ಬಹುತೇಕ ಶನಿವಾರದಿಂದ ಶನಿವಾರದವರೆಗೆ ಮಾತ್ರ ಸಿಗುತ್ತವೆ. ಇಡೀ ದೇಶ ಒಂದೇ ದಿನ ಮನೆ ಬದಲಿಸುವುದರಿಂದ ಆ ಶನಿವಾರಗಳಲ್ಲಿ ಹೆದ್ದಾರಿಗಳು ತುಂಬಿಹೋಗುತ್ತವೆ. ಅಲ್ಲಿನ ಸರ್ಕಾರದ ‘ಬಿಝೋಂ ಫ್ಯೂತೆ’ ಎಂಬ ಸಂಚಾರ ಮುನ್ಸೂಚನೆ ದಿನಗಳನ್ನು ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ಗುರುತಿಸುತ್ತದೆ. ಕಪ್ಪು ದಿನ ರಸ್ತೆಗಿಳಿಯದಿರುವುದೇ ಮೇಲು. ನಾವು ಸೆಪ್ಟೆಂಬರ್ ಆರಿಸಿಕೊಂಡದ್ದಕ್ಕೆ ಇದೇ ದೊಡ್ಡ ಕಾರಣ. ಆ ತಿಂಗಳಲ್ಲಿ ಮಂಗಳವಾರ ಬಂದು ಭಾನುವಾರ ಬಿಡುತ್ತೇವೆ ಎಂದರೂ ಮನೆಯವರು ಒಪ್ಪಿದರು.

ಭಾರತದಿಂದ ಹೋಗುವವರಿಗೆ ಮನೆ ಮೊದಲು ಗೊತ್ತಾಗಬೇಕೆನ್ನುವುದಕ್ಕೆ ವೀಸಾ ಇನ್ನೊಂದು ಕಾರಣ. ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಗೆ ಪ್ರತಿ ರಾತ್ರಿಯೂ ಎಲ್ಲಿ ತಂಗುತ್ತೇವೆ ಎಂಬುದಕ್ಕೆ ದಾಖಲೆ ಬೇಕು, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯೂ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು. ವೀಸಾ ಬಾರದಿದ್ದರೆ ಕೊಟ್ಟ ಮುಂಗಡದ ಗತಿ ಏನು ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನೋಡಬೇಕು. ಫ್ರೆಂಚ್ ಬಾಡಿಗೆ ಪತ್ರಗಳಲ್ಲಿ ಮುಂಗಡಕ್ಕೆ ಎರಡು ಪದಗಳಿವೆ. ‘ಆರ್’ ಎಂದಿದ್ದರೆ ನಾವು ಹಿಂದೆ ಸರಿದಾಗ ಆ ಮುಂಗಡ ಮಾತ್ರ ಹೋಗುತ್ತದೆ, ಮನೆಯವರೇ ಹಿಂದೆ ಸರಿದರೆ ಅದರ ಎರಡರಷ್ಟನ್ನು ಅವರು ಕೊಡಬೇಕು. ‘ಅಕೋಂತ್’ ಎಂದಿದ್ದರೆ ಇಬ್ಬರೂ ಒಪ್ಪಂದಕ್ಕೆ ಪೂರ್ತಿ ಬದ್ಧರು, ಪೂರ್ಣ ಬಾಡಿಗೆಯನ್ನೇ ಕೇಳಬಹುದು. ಈ ಒಂದು ಪದ ನೋಡಿ ನಾನು ಬಹಳ ಇಷ್ಟಪಟ್ಟಿದ್ದ ಒಂದು ಮನೆಯನ್ನು ಬಿಟ್ಟುಕೊಟ್ಟೆ.

ಮನೆಯವರಿಗೆ ಬರೆದ ಪತ್ರದಲ್ಲಿ ನಾನು ಕೇಳಿದ ಪ್ರಶ್ನೆಗಳು ನಮ್ಮ ಕುಟುಂಬದ ಅಗತ್ಯಗಳಿಂದ ಹುಟ್ಟಿದವು. ಅಮ್ಮನಿಗೆ ಮಂಡಿನೋವು ಇರುವುದರಿಂದ ಒಂದು ಮಲಗುವ ಕೋಣೆಯೂ ಬಚ್ಚಲೂ ನೆಲಮಹಡಿಯಲ್ಲಿವೆಯೇ ಎಂದು ಕೇಳಿದೆ. ಹಳೆಯ ಕಲ್ಲಿನ ಮನೆಗಳಲ್ಲಿ ಕೋಣೆಗಳೆಲ್ಲ ಕಿರಿದಾದ ಮರದ ಮೆಟ್ಟಿಲ ಮೇಲೆಯೇ ಇರುವುದುಂಟು. ಹಾಸಿಗೆ ಹೊದಿಕೆ, ಟವೆಲ್ಲು ಬಾಡಿಗೆಯಲ್ಲಿ ಸೇರಿವೆಯೇ, ಕೊನೆಯ ದಿನದ ಗುಡಿಸಿ ಒರೆಸುವ ಕೆಲಸ ನಮ್ಮದೇ ಅಥವಾ ಅದಕ್ಕೆ ಬೇರೆ ಹಣವೇ, ಹಾನಿಗೆಂದು ಇಡುವ ಠೇವಣಿಯನ್ನು ಹೇಗೆ ಕೊಡಬೇಕು ಎಂದು ಕೇಳಿದೆ. ಅಲ್ಲಿನ ರೂಢಿಯಂತೆ ಅವರು ಚೆಕ್ ಬಯಸುತ್ತಾರೆ, ನಮ್ಮ ಬಳಿ ಫ್ರೆಂಚ್ ಬ್ಯಾಂಕಿನ ಚೆಕ್ ಇರುವುದಿಲ್ಲವಾದ್ದರಿಂದ ನಗದು ಎಂದು ಮೊದಲೇ ಒಪ್ಪಿಸಿಕೊಂಡೆ. ಕೊನೆಯ ಪ್ರಶ್ನೆ ಒಲೆಯದು. ನಾವು ಸಸ್ಯಾಹಾರಿಗಳು. ಆ ಪ್ರದೇಶದ ಅಡುಗೆಯಲ್ಲಿ ಬಾತುಕೋಳಿಯ ಕೊಬ್ಬು ಎಲ್ಲೆಲ್ಲೂ ಇದೆ. ಸಾರ್ಲಾ ಊರಿನ ಹೆಸರಿನಲ್ಲೇ ಪ್ರಸಿದ್ಧವಾದ ಆಲೂಗಡ್ಡೆ ಖಾದ್ಯ ನೋಡಲು ಬರೀ ಬೆಳ್ಳುಳ್ಳಿ ಹಾಕಿ ಹುರಿದ ಆಲೂಗಡ್ಡೆಯಂತೆ ಇದ್ದರೂ ಅದನ್ನು ಹುರಿಯುವುದು ಆ ಕೊಬ್ಬಿನಲ್ಲೇ. ಆದ್ದರಿಂದ ಅಡುಗೆಮನೆ ನಮಗೆ ಅನಿವಾರ್ಯ, ಅದಕ್ಕೆ ಪುಟ್ಟ ಕುಕ್ಕರನ್ನು ಒಯ್ಯುವುದೆಂದು ನಿಶ್ಚಯಿಸಿದ್ದೆವು. ಮೊದಲ ಮನೆಯಲ್ಲಿ ಸಿಲಿಂಡರಿನ ಗ್ಯಾಸ್ ಒಲೆ, ಎರಡನೆಯದರಲ್ಲಿ ಇಂಡಕ್ಷನ್ ಎಂದು ಉತ್ತರ ಬಂತು. ಇಂಡಕ್ಷನ್ ಮೇಲೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಹಾಗಾಗಿ ಎರಡಕ್ಕೂ ಆಗುವ, ಅಯಸ್ಕಾಂತ ಹಿಡಿಯುವ ತಳದ ಎರಡು ಲೀಟರಿನ ಸ್ಟೀಲ್ ಕುಕ್ಕರನ್ನು ಹೊಸದಾಗಿ ಕೊಂಡೆವು. ಸಾರಿನ ಪುಡಿ, ಹುಣಸೆಹಣ್ಣು, ಇಂಗು ಒಯ್ದೆವು. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಗೆ ಒಯ್ಯುವಂತಿಲ್ಲವಾದ್ದರಿಂದ ತುಪ್ಪವನ್ನು ಬಿಟ್ಟು, ಅಲ್ಲಿಯೇ ಬೆಣ್ಣೆ ಕಾಯಿಸಿಕೊಂಡೆವು. ಅಂಗಡಿಯಲ್ಲಿ ‘ಲಾಂತಿ ಕೊರಾಯ್’ ಎಂದು ಮಾರುವುದು ನಮ್ಮ ಮಸೂರ್ ಬೇಳೆಯೇ.

ಕೊನೆಗೆ ಉಳಿದ ನಕ್ಷೆ ಸರಳವಾಗಿತ್ತು. ಭಾನುವಾರ ಪ್ಯಾರಿಸ್ಸಿನಲ್ಲಿ ಇಳಿದು ಒಂದು ರಾತ್ರಿ. ಸೋಮವಾರ ಮೋಂಪಾರ್ನಾಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಬೋರ್ದೋ. 2017ರಲ್ಲಿ ಹೊಸ ಹಳಿ ತೆರೆದ ಮೇಲೆ ಈ ಪ್ರಯಾಣಕ್ಕೆ ಎರಡು ಗಂಟೆಗಿಂತ ತುಸು ಹೆಚ್ಚು ಸಾಕು. ನಿಲ್ದಾಣದಲ್ಲಿ ಕಾರು ಪಡೆದು ಅಂದು ಬೆರ್ಝರಾಕ್ ಬಳಿ ನಿಂತೆವು. ನಿದ್ದೆಗೆಟ್ಟ ಮೈಯಲ್ಲಿ, ಅಭ್ಯಾಸವಿಲ್ಲದ ಬಲಬದಿಯ ರಸ್ತೆಯಲ್ಲಿ ಮೊದಲ ದಿನವೇ ಎರಡು ಗಂಟೆಗಿಂತ ಹೆಚ್ಚು ಓಡಿಸಬಾರದೆಂಬುದು ನಾನು ಬಿಟ್ಟುಕೊಡದ ನಿಯಮ. ಸೋಮವಾರ ಅಲ್ಲಿನ ಅನೇಕ ಅಂಗಡಿಗಳೂ ಹೋಟೆಲುಗಳೂ ಮುಚ್ಚಿರುವುದರಿಂದ, ಅಂದು ರಾತ್ರಿಯ ಊಟವನ್ನೂ ಕೊಡುವ ಷಾಂಬ್ರ್ ದೋತ್ ಹುಡುಕಿ, ಮಾಂಸ ಮೀನು ಮೊಟ್ಟೆ ಬೇಡವೆಂದು ಎರಡು ಬಾರಿ ಬರೆದು ತಿಳಿಸಿದ್ದೆ. ಮನೆಯೊಡತಿ ಕುಂಬಳಕಾಯಿ ಸೂಪು, ಮೇಕೆ ಚೀಸ್ ಮತ್ತು ಅಕ್ರೋಟು ಹಾಕಿದ ಸಲಾಡು ಮಾಡಿ ಬಡಿಸಿದರು. ಮಂಗಳವಾರದಿಂದ ಐದು ರಾತ್ರಿ ಸಾರ್ಲಾ ಹತ್ತಿರದ ಝೀತ್, ಭಾನುವಾರದಿಂದ ನಾಲ್ಕು ರಾತ್ರಿ ಲೋತ್ ಕಣಿವೆಯ ಝೀತ್, ಗುರುವಾರ ತುಲೂಸ್ ವಿಮಾನ ನಿಲ್ದಾಣದಲ್ಲಿ ಕಾರು ಒಪ್ಪಿಸುವುದು. ಕಾರನ್ನು ಬೇರೆ ಊರಿನಲ್ಲಿ ಬಿಡುವುದಕ್ಕೆ ಹೆಚ್ಚಿನ ಹಣ ಕೊಡಬೇಕಾಯಿತು, ಆದರೆ ಬಂದ ದಾರಿಯಲ್ಲೇ ಒಂದು ದಿನ ಹಿಂದಿರುಗುವುದು ತಪ್ಪಿತು.

ಚಾಲನೆಯ ಸಿದ್ಧತೆಯನ್ನು ನನ್ನ ಗಂಡ ಬೆಂಗಳೂರಿನಲ್ಲೇ ಮಾಡಿಕೊಂಡರು. ಆರ್‌ಟಿಓ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿ ಪಡೆದರು. ಕಾರಿನ ಠೇವಣಿಗೆ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡೇ ಆಗಬೇಕೆಂದು ಬಾಡಿಗೆಯ ಷರತ್ತಿನಲ್ಲಿತ್ತು, ಮೊದಲೇ ವಿದೇಶಿ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡ್ ನಡೆಯುವಂತಿರಲಿಲ್ಲ. ಅಲ್ಲಿ ಗೇರು ಬಲಗೈಗೆ ಬರುತ್ತದೆ. ಎಲ್ಲವೂ ಅದಲುಬದಲಾದ ರಸ್ತೆಯಲ್ಲಿ ಗೇರಿನ ಚಿಂತೆಯೂ ಬೇಡವೆಂದು ಆಟೊಮ್ಯಾಟಿಕ್ ಕಾರನ್ನೇ ನಾಲ್ಕು ತಿಂಗಳ ಮೊದಲು ಕಾದಿರಿಸಿದೆವು. ಅವು ಸಂಖ್ಯೆಯಲ್ಲಿ ಕಡಿಮೆ, ಬಾಡಿಗೆಯೂ ಹೆಚ್ಚು. ನಾವಿಬ್ಬರೂ ಕೂತು ಬಾಯಿಪಾಠ ಮಾಡಿದ ನಿಯಮವೊಂದಿದೆ. ಯಾವ ಗುರುತೂ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವ ವಾಹನಕ್ಕೆ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಓಣಿಯಿಂದ ಬಂದರೂ ಸರಿ. ಬಿಳಿ ಅಂಚಿನ ಹಳದಿ ವಜ್ರಾಕಾರದ ಫಲಕವಿದ್ದರೆ ಹಕ್ಕು ನಮ್ಮದು, ಅದಕ್ಕೆ ಕಪ್ಪು ಗೀಟು ಬಿದ್ದರೆ ಆ ಹಕ್ಕು ಮುಗಿಯಿತು. ಎರಡನೆಯ ದಿನ ಒಂದು ಹಳ್ಳಿಯ ನಡುವೆ, ಬೇಕರಿಯ ಪಕ್ಕದ ಓಣಿಯಿಂದ ಬಿಳಿ ವ್ಯಾನೊಂದು ನಮ್ಮ ಕಡೆ ತಿರುಗಿಯೂ ನೋಡದೆ ನೇರವಾಗಿ ರಸ್ತೆಗೆ ಬಂತು. ಬಲಕ್ಕೆ ಓಣಿ ಕಂಡ ಕೂಡಲೇ ಕಾಲು ಬ್ರೇಕಿನ ಮೇಲಿಟ್ಟಿದ್ದರಿಂದ ನಾವು ನಿಂತುಕೊಂಡೆವು. ಆ ಚಾಲಕನದು ತಪ್ಪಲ್ಲ, ಹಕ್ಕು ಅವನದೇ ಆಗಿತ್ತು.

ತಪ್ಪು ನಮ್ಮದಾದದ್ದು ಸಾರ್ಲಾ ಕಡೆಯ ಮನೆಯನ್ನು ಹುಡುಕುವಾಗ. ಆ ಭಾಗದ ಮನೆಗಳಿಗೆ ಬೀದಿಯ ಹೆಸರಿನ ಬದಲು ‘ಲ್ಯೂ ದಿ’ ಎಂಬ ಕೇರಿಯ ಹೆಸರು ಮಾತ್ರ ಇರುವುದುಂಟು, ಒಂದೇ ಹೆಸರಿನ ಕೇರಿಗಳು ಅಕ್ಕಪಕ್ಕದ ಪಂಚಾಯಿತಿಗಳಲ್ಲೂ ಇರುತ್ತವೆ. ನಾನು ನಕ್ಷೆಗೆ ಕೇರಿಯ ಹೆಸರನ್ನಷ್ಟೇ ಕೊಟ್ಟಿದ್ದೆ. ಅದು ನಮ್ಮನ್ನು ಓಕ್ ಕಾಡಿನ ನಡುವೆ, ನಾಯಿ ಬೊಗಳುವ ಬೇರೆಯವರ ಅಂಗಳಕ್ಕೆ ತಂದು ನಿಲ್ಲಿಸಿತು. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಸರಿಯಾದ ಮನೆ ಸಿಗುವಾಗ ಐವತ್ತು ನಿಮಿಷ ಕಳೆದಿತ್ತು, ಅಮ್ಮ ಬಹಳ ದಣಿದಿದ್ದರು. ಎರಡನೆಯ ಮನೆಯವರಿಗೆ ಅಂದು ರಾತ್ರಿಯೇ ಬರೆದು ಅಕ್ಷಾಂಶ ರೇಖಾಂಶದ ಅಂಕಿಗಳನ್ನೂ ಕೊನೆಯ ಎರಡು ತಿರುವುಗಳ ವಿವರವನ್ನೂ ತರಿಸಿಕೊಂಡೆ. ಆ ಪ್ರದೇಶದ ನಕ್ಷೆಯನ್ನು ಫೋನಿನಲ್ಲಿ ಇಳಿಸಿಟ್ಟುಕೊಂಡೆ, ಸಾರ್ಲಾದಲ್ಲಿ ಮಿಶೆಲಿನ್ ಕಾಗದದ ನಕ್ಷೆಯನ್ನೂ ಕೊಂಡೆ. ಆ ನಕ್ಷೆಯಲ್ಲಿ ನೋಟ ಚೆನ್ನಾಗಿರುವ ರಸ್ತೆಗಳ ಪಕ್ಕ ಹಸಿರು ಗೆರೆ ಇರುತ್ತದೆ. ಆಮೇಲಿನ ದಿನಗಳಲ್ಲಿ ಹೋಗುವಾಗ ಫೋನು ಹೇಳಿದ ದಾರಿ, ಬರುವಾಗ ಹಸಿರು ಗೆರೆಯ ದಾರಿ ಎಂದು ಮಗನೇ ನಿಯಮ ಮಾಡಿದ.

ಗುಹೆಗಳ ಟಿಕೆಟ್ಟುಗಳನ್ನು ಮನೆ ನಿಶ್ಚಯವಾದ ಮೇಲೆ, ಉಳಿದೆಲ್ಲಕ್ಕಿಂತ ಮೊದಲು ಕಾದಿರಿಸಿದ್ದೆ. 1940ರಲ್ಲಿ ಹುಡುಗರ ಕಣ್ಣಿಗೆ ಬಿದ್ದ ಲಾಸ್ಕೋ ಗುಹೆಯನ್ನು, ಜನರ ಉಸಿರಿನಿಂದಲೇ ಚಿತ್ರಗಳು ಕೆಡತೊಡಗಿದ್ದರಿಂದ, 1963ರಲ್ಲಿ ಮುಚ್ಚಲಾಯಿತು. ಈಗ ಮೋಂತಿನ್ಯಾಕ್ ಊರಿನಲ್ಲಿ ನೋಡಲು ಸಿಗುವುದು 2016ರಲ್ಲಿ ತೆರೆದ ಪೂರ್ಣ ಪ್ರತಿಕೃತಿ. ಆದಿಮಾನವರ ಕೈಯ ಮೂಲ ಚಿತ್ರಗಳನ್ನೇ ಕಾಣಬೇಕಾದರೆ ಲೇಝೇಝಿ ಊರಿನ ಫೋಂ ದ ಗೋಮ್, ಲೋತ್ ಕಡೆಯ ಪೆಶ್ ಮೆರ್ಲ್ ಮುಂತಾದ ಬೇರೆ ಗುಹೆಗಳಿಗೆ ಹೋಗಬೇಕು. ಫೋಂ ದ ಗೋಮ್‌ಗೆ ಬಹಳ ಕಡಿಮೆ ಜನರನ್ನು ಬಿಡುತ್ತಾರೆ, ಬಾಗಿಲಿಗೆ ಏರುದಾರಿಯೂ ಇದೆ. ಪೆಶ್ ಮೆರ್ಲ್‌ನಲ್ಲಿ ದಿನಕ್ಕೆ 700 ಜನರ ಮಿತಿ. ಒಳಗೆ ಮೆಟ್ಟಿಲುಗಳಿದ್ದರೂ ತಂಡ ನಿಂತು ನಿಂತು ಸಾಗುವುದರಿಂದ ಅಮ್ಮನಿಗೆ ಅದೇ ಅನುಕೂಲವೆಂದು ಎರಡನೆಯ ಮನೆಯನ್ನು ಅದರ ಹತ್ತಿರವೇ, ಹದಿನೈದು ನಿಮಿಷದ ದಾರಿಯಲ್ಲಿ ಹಿಡಿದೆ. ಪಾದಿರಾಕ್ ಪಾತಾಳಗುಂಡಿಯನ್ನು ಅದರ ಮೆಟ್ಟಿಲುಗಳ ಕಾರಣಕ್ಕೆ ಬಿಟ್ಟೆವು. ಬಂಡೆಗೆ ಅಂಟಿಕೊಂಡ ಯಾತ್ರಾಸ್ಥಳ ರೊಕಾಮದೂರ್‌ನಲ್ಲಿ ಲಿಫ್ಟ್ ಇದೆ, ಆದ್ದರಿಂದ ಅದನ್ನು ಉಳಿಸಿಕೊಂಡೆವು.

ದಿನಚರಿಯನ್ನು ವಾರಗಳೇ ನಿರ್ಧರಿಸಿದವು. ಸಾರ್ಲಾದಲ್ಲಿ ಬುಧವಾರ ಮತ್ತು ಶನಿವಾರ ಸಂತೆ. ಬುಧವಾರ ತರಕಾರಿ ತಂದೆವು. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳಿಲ್ಲದ ಕಾರಣ ಶನಿವಾರವೇ ಎರಡನೆಯ ಮನೆಗೆ ಬೇಕಾದ ಅಕ್ಕಿ, ಮೊಸರು, ಟೊಮೆಟೊ ಎಲ್ಲ ಕೊಂಡಿಟ್ಟೆವು. ಬೆಳಿಗ್ಗೆ ಚಿತ್ರಾನ್ನ ಮಾಡಿ ಡಬ್ಬಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಎರಡು ಗಂಟೆಯ ಗಡಿ ನಮ್ಮನ್ನು ಕಾಡಲಿಲ್ಲ. ಬೆನಾಕ್ ಮತ್ತು ಲಾ ರೋಕ್ ಗಜಾಕ್ ನಡುವಿನ ಡಿ 703 ರಸ್ತೆಯ ಪಕ್ಕದಲ್ಲಿ, ನದಿಯ ದಡದ ಬೆಂಚಿನಲ್ಲಿ ಕೂತು ಉಂಡೆವು. ಲೋತ್ ಕಡೆ ನನಗೆ ಅತ್ಯಂತ ಪ್ರಿಯವಾದ ರಸ್ತೆ ಸೆಲೆ ನದಿಯ ಜೊತೆಗೆ ಫಿಜಾಕ್‌ವರೆಗೆ ಹೋಗುವ ಡಿ 41. ಈಜಿಪ್ಟಿನ ಚಿತ್ರಲಿಪಿಯನ್ನು ಓದಿದ ಷಾಂಪೋಲಿಯೋಂ 1790ರಲ್ಲಿ ಹುಟ್ಟಿದ ಊರು ಫಿಜಾಕ್. ಅಲ್ಲಿ ಅಂಗಳವೊಂದರ ನೆಲಕ್ಕೆ ಹಾಸಿರುವ, ಆ ಲಿಪಿಯನ್ನು ಓದಲು ನೆರವಾದ ರೊಸೆಟ್ಟಾ ಶಾಸನದ ದೊಡ್ಡ ಕಪ್ಪು ಪ್ರತಿಕೃತಿಯ ಮೇಲೆ ಮಗ ಅಕ್ಷರಗಳನ್ನು ತುಳಿಯದಂತೆ ನಡೆದ.

ಪೆಶ್ ಮೆರ್ಲ್ ಒಳಗೆ ಸ್ವೆಟರ್ ಬೇಕಾಗುವಷ್ಟು ತಂಪು. ಮಾರ್ಗದರ್ಶಿ ದೀಪವನ್ನು ಚುಕ್ಕೆಗಳ ಎರಡು ಕುದುರೆಗಳ ಮೇಲೆ ಹಿಡಿದಾಗ ಅಮ್ಮ ಮಾತಾಡಲಿಲ್ಲ. ಬಂಡೆಯ ಬಲ ತುದಿಯೇ ಸಹಜವಾಗಿ ಕುದುರೆಯ ತಲೆಯ ಆಕಾರದಲ್ಲಿದೆ, ಬರೆದವರು ಅದನ್ನು ನೋಡಿಯೇ ಅಲ್ಲಿ ಬರೆದಿದ್ದಾರೆ ಎಂದು ಆಮೇಲೆ ಕಾರಿನಲ್ಲಿ ನಮಗೆ ವಿವರಿಸಿದರು. ಮನೆ ಹದಿನೈದು ನಿಮಿಷದ ದೂರದಲ್ಲಿದ್ದುದರಿಂದ ಮರುದಿನ ಮತ್ತೊಮ್ಮೆ ಹೋಗೋಣವೇ ಎಂದು ಕೇಳಿದೆ. ಮಧ್ಯಾಹ್ನದ ತಂಡಕ್ಕೆ ಟಿಕೆಟ್ಟು ಸಿಕ್ಕಿತು, ಕಾಓರ್ ಊರಿನ ಮೂರು ಗೋಪುರಗಳ ಹಳೆಯ ಸೇತುವೆಯನ್ನು ನೋಡುವುದು ತಪ್ಪಿತು. ಗುರುವಾರ ಬೆಳಿಗ್ಗೆ ಮನೆಯೊಡತಿ ಪಾತ್ರೆಗಳನ್ನು ಎಣಿಸಿ ಠೇವಣಿಯ ನೋಟುಗಳನ್ನು ಅದೇ ಲಕೋಟೆಯಲ್ಲಿ ಹಿಂದಿರುಗಿಸಿದರು. ಒಂಬತ್ತೂವರೆಗೆ ಹೊರಟು, ಕಾಓರ್ ಬಳಿ ಎ 20 ಹೆದ್ದಾರಿ ಹಿಡಿದು, ದಾರಿಯಲ್ಲಿ ಟ್ಯಾಂಕ್ ತುಂಬಿಸಿ, ವಿಮಾನಕ್ಕೆ ಮೂರು ಗಂಟೆ ಮೊದಲೇ ತುಲೂಸಿನಲ್ಲಿ ಕಾರಿನ ಕೀಲಿ ಒಪ್ಪಿಸಿದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮಿಶೆಲಿನ್ ನಕ್ಷೆಯ ಬಿಳಿ ಅಂಚಿನಲ್ಲಿ ಪೆನ್ಸಿಲಿನಿಂದ ಆ ಕುದುರೆಯ ತಲೆಯನ್ನು ಎರಡನೆಯ ಬಾರಿ ಬರೆಯುತ್ತಿದ್ದರು.