ಲಿನಕ್ಸ್ ಡೇಟಾಬೇಸ್, ವಿಂಡೋಸ್ ಎಕ್ಸೆಲ್: ಪದರ ಪದರವಾಗಿ ಜೋಡಿಸುವುದು ಹೇಗೆ?

ಗ್ರಂಥಾಲಯವೊಂದರ ಪುಸ್ತಕಪಟ್ಟಿ ಲಿನಕ್ಸ್ ಸರ್ವರಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ ಎಂದುಕೊಳ್ಳಿ. ಅದನ್ನು ನೋಡಬೇಕಾದವರ ಮೇಜಿನ ಮೇಲೆ ಇರುವುದು ವಿಂಡೋಸ್ ಮತ್ತು ಎಕ್ಸೆಲ್. ಜೋಡಿಸಲು ಹೊರಟರೆ ದೋಷ ಸಂದೇಶವೊಂದು ಎದುರಾಗುತ್ತದೆ. ಆಗ ಬಹಳಷ್ಟು ಜನ ಪಾಸ್‌ವರ್ಡ್ ಬದಲಿಸಿ, ಫೈರ್‌ವಾಲ್ (ಜಾಲದ ಕಾವಲು ವ್ಯವಸ್ಥೆ) ನಿಲ್ಲಿಸಿ, ಡ್ರೈವರನ್ನು (ಡೇಟಾಬೇಸಿನೊಡನೆ ಮಾತನಾಡುವ ತಂತ್ರಾಂಶ) ಮತ್ತೆ ಹಾಕಿ, ಎಲ್ಲವನ್ನೂ ಒಟ್ಟಿಗೇ ಕೆದಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಾಲದ ಪ್ರೋಟೊಕಾಲ್‌ಗಳು (ಯಂತ್ರಗಳು ಮಾತನಾಡಿಕೊಳ್ಳುವ ನಿಯಮಗಳು) ಒಂದರ ಮೇಲೊಂದು ಪದರಗಳಾಗಿವೆ, ಮತ್ತು ಪ್ರತಿ ಪದರವೂ ತನ್ನದೇ ರೀತಿಯಲ್ಲಿ ದೂರು ಹೇಳುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ಖಚಿತಪಡಿಸಿಕೊಂಡು ಹೋದರೆ ತೊಡಕು ಎಲ್ಲಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಇಷ್ಟೊಂದು ಪದರಗಳು ಏಕೆ? ಯಂತ್ರಗಳು ಒಂದೇ ರೀತಿ ಬರೆಯುವುದಿಲ್ಲ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ ಆಸ್ಕಿ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ 65. ಐಬಿಎಂನ ದೊಡ್ಡ ಕಂಪ್ಯೂಟರುಗಳಾದ ಮೇನ್‌ಫ್ರೇಮ್‌ಗಳ ಎಬ್ಸಿಡಿಕ್ ಪದ್ಧತಿಯಲ್ಲಿ 193. ಇಂಟೆಲ್ ಪ್ರೊಸೆಸರ್ ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಇಡುತ್ತದೆ, ಮೇನ್‌ಫ್ರೇಮ್ ಹಿರಿಯ ಬೈಟನ್ನು ಮೊದಲು ಇಡುತ್ತದೆ. ಐಬಿಎಂನ ಡಿಆರ್‌ಡಿಎ ಎಂಬ ಡೇಟಾಬೇಸ್ ಪ್ರೋಟೊಕಾಲ್ ಇದಕ್ಕೆ ಕಂಡುಕೊಂಡ ದಾರಿಯೆಂದರೆ, ಕಳಿಸುವವರು ತಮ್ಮ ರೂಪದಲ್ಲೇ ಕಳಿಸುವುದು, ಪಡೆದವರು ಬದಲಿಸಿಕೊಳ್ಳುವುದು. ಪೋಸ್ಟ್‌ಗ್ರೆಸ್‌ನ ಪ್ರೋಟೊಕಾಲಿನಲ್ಲಿ ಸಂದೇಶದ ಉದ್ದ ಮುಂತಾದ ಸಂಖ್ಯೆಗಳನ್ನು ಎಲ್ಲರೂ ಹಿರಿಯ ಬೈಟು ಮೊದಲಿಟ್ಟೇ ಕಳಿಸಬೇಕು. ಹೀಗಾಗಿ ಆಚೆ ಬದಿಯಲ್ಲಿ ಯಾವ ಯಂತ್ರವಿದೆ ಎಂದು ಎಕ್ಸೆಲ್ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಂತ 1: ಪೋರ್ಟ್ ತಲುಪುತ್ತದೆಯೇ?

ಪಿಂಗ್ (ಯಂತ್ರ ಜಾಲದಲ್ಲಿ ಉತ್ತರಿಸುತ್ತದೆಯೇ ಎಂದು ನೋಡುವ ಆದೇಶ) ಒಂದನ್ನೇ ನಂಬಬೇಡಿ. ಕೆಲವು ಜಾಲಗಳಲ್ಲಿ ಪಿಂಗ್ ಅನ್ನು ತಡೆದಿರುತ್ತಾರೆ, ಆದರೂ ಡೇಟಾಬೇಸಿನ ದಾರಿ ತೆರೆದಿರುತ್ತದೆ. ವಿಂಡೋಸ್‌ನಲ್ಲಿ ಆದೇಶ ಬರೆಯುವ ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಆದೇಶಕ್ಕೆ ಸರ್ವರಿನ ವಿಳಾಸ ಮತ್ತು ಪೋರ್ಟ್ ಸಂಖ್ಯೆ (ಸರ್ವರಿನಲ್ಲಿ ಆ ಸೇವೆಯ ಬಾಗಿಲಿನ ಸಂಖ್ಯೆ) ಕೊಟ್ಟು ನೋಡಿ. ಪೋಸ್ಟ್‌ಗ್ರೆಸ್‌ಗೆ ವಾಡಿಕೆಯ ಪೋರ್ಟ್ 5432, ಮೈಎಸ್‌ಕ್ಯೂಎಲ್‌ಗೆ 3306, ಎಸ್‌ಕ್ಯೂಎಲ್ ಸರ್ವರಿಗೆ 1433, ಒರಾಕಲ್‌ಗೆ 1521.

ಬಹಳ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಎಂದರೆ ಸಾಮಾನ್ಯವಾಗಿ ನಡುವಿನ ಫೈರ್‌ವಾಲ್ ನಿಮ್ಮ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಎಸೆಯುತ್ತಿದೆ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ಬಂದರೆ ಯಂತ್ರ ಬಹುತೇಕ ಸಿಕ್ಕಿದೆ, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಮಾತ್ರ ಇಲ್ಲ. ಈ ಎರಡನೆಯದೇ ಹೆಚ್ಚು. ಏಕೆಂದರೆ ಪೋಸ್ಟ್‌ಗ್ರೆಸ್ ಮೂಲ ಸ್ಥಿತಿಯಲ್ಲಿ ತನ್ನದೇ ಯಂತ್ರದ ಕರೆಗಳಿಗೆ ಮಾತ್ರ ಓಗೊಡುತ್ತದೆ. ಮುಖ್ಯ ಸಂರಚನಾ ಕಡತದ ‘ಲಿಸನ್ ಅಡ್ರೆಸಸ್’ ಸಾಲಿನಲ್ಲಿ ಸರ್ವರಿನ ಜಾಲವಿಳಾಸವನ್ನೂ ಸೇರಿಸಿ, ಸೇವೆಯನ್ನು ಮರುಪ್ರಾರಂಭಿಸಿ. ಬರೀ ರೀಲೋಡ್ (ಸೇವೆ ನಿಲ್ಲಿಸದೆ ಕಡತವನ್ನು ಮತ್ತೆ ಓದಿಸುವುದು) ಮಾಡಿದರೆ ಈ ಬದಲಾವಣೆ ಜಾರಿಗೆ ಬರುವುದಿಲ್ಲ.

ಹಂತ 2: ಗೂಢಲಿಪಿ

ಎರಡು ಯಂತ್ರಗಳ ನಡುವಿನ ಮೂಲ ಸಂಪರ್ಕ (ಟಿಸಿಪಿ) ಕೂಡಿದೊಡನೆ, ಗೂಢಲಿಪಿ ಬಯಸುವ ಡ್ರೈವರ್ ಒಂದು ಸಣ್ಣ ಕೋರಿಕೆ ಕಳಿಸುತ್ತದೆ. ಸರ್ವರಿನ ಉತ್ತರ ಒಂದೇ ಬೈಟು: ‘ಎಸ್’ ಎಂದರೆ ಒಪ್ಪಿಗೆ, ‘ಎನ್’ ಎಂದರೆ ಇಲ್ಲ. ‘ಪ್ರಿಫರ್’ ಎಂಬ ಸೆಟ್ಟಿಂಗಿದ್ದರೆ ‘ಎನ್’ ಬಂದ ಮೇಲೆ ಡ್ರೈವರ್ ಯಾರಿಗೂ ಹೇಳದೆ ತೆರೆದ ಸಂಪರ್ಕದಲ್ಲೇ ಮುಂದುವರಿಯುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಓದುಗರ ಹೆಸರು, ವಿಳಾಸ, ಫೋನ್ ಸಂಖ್ಯೆ ಇರುವ ಕಡೆ ಕನಿಷ್ಠ ‘ರಿಕ್ವೈರ್’ ಆರಿಸಿ. ಪ್ರಮಾಣಪತ್ರ ಮತ್ತು ಸರ್ವರಿನ ಹೆಸರನ್ನೂ ಪರಿಶೀಲಿಸುವ ‘ವೆರಿಫೈ-ಫುಲ್’ ಇನ್ನೂ ಒಳ್ಳೆಯದು.

ಹಂತ 3: ಯಾರಿಗೆ ಪ್ರವೇಶ?

‘ಎಚ್‌ಬಿಎ ಕಡತದಲ್ಲಿ ನಿಮ್ಮ ನಮೂದಿಲ್ಲ’ ಎಂಬರ್ಥದ ದೋಷ ಬಂದರೆ ಬೇಸರಪಡಬೇಡಿ. ಕೆಳಗಿನ ಪದರಗಳೆಲ್ಲ ಸರಿಯಾಗಿವೆ, ನಿಮ್ಮೊಡನೆ ಮಾತನಾಡುತ್ತಿರುವುದು ಸ್ವತಃ ಪೋಸ್ಟ್‌ಗ್ರೆಸ್ ಎಂದು ಅದರ ಅರ್ಥ. ಯಾರು ಎಲ್ಲಿಂದ ಒಳಗೆ ಬರಬಹುದು ಎಂದು ಹೇಳುವ ಆ ಕಡತದಲ್ಲಿ ಡೇಟಾಬೇಸ್, ಬಳಕೆದಾರ, ಅನುಮತಿಸುವ ವಿಳಾಸಶ್ರೇಣಿ (ಉದಾಹರಣೆಗೆ 192.168.1.0/24) ಮತ್ತು ದೃಢೀಕರಣ ವಿಧಾನ ಇರುವ ಒಂದು ಸಾಲು ಸೇರಿಸಿ. ವಿಧಾನವಾಗಿ ‘ಸ್ಕ್ರ್ಯಾಮ್-ಶಾ-256’ ಇರಲಿ. ಇದರಲ್ಲಿ ಪಾಸ್‌ವರ್ಡ್ ಇದ್ದಹಾಗೆಯೇ ತಂತಿಯ ಮೇಲೆ ಹೋಗುವುದಿಲ್ಲ. ಇಲ್ಲಿ ರೀಲೋಡ್ ಸಾಕು. ಸಾಲುಗಳ ಕ್ರಮವನ್ನು ಗಮನಿಸಿ: ಮೊದಲು ಹೊಂದುವ ಸಾಲಿನದೇ ಅಂತಿಮ ಮಾತು, ಅದರಲ್ಲಿ ಸೋತರೆ ಮುಂದಿನದನ್ನು ನೋಡುವುದೇ ಇಲ್ಲ. ಕೆಲಸ ಬೇಗ ಮುಗಿಯಲೆಂದು ಎಲ್ಲ ವಿಳಾಸಗಳಿಗೂ ‘ಟ್ರಸ್ಟ್’ ಎಂದು ಬರೆಯುವುದನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಅದು ಪಾಸ್‌ವರ್ಡನ್ನೇ ಕೇಳದೆ ಒಳಗೆ ಬಿಡುತ್ತದೆ. ಎಕ್ಸೆಲ್‌ಗೆಂದು ಓದುವ ಹಕ್ಕು ಮಾತ್ರ ಇರುವ ಬೇರೆ ಬಳಕೆದಾರನನ್ನು ಸೃಷ್ಟಿಸಿ.

ಹಂತ 4: ಒಡಿಬಿಸಿ ಡ್ರೈವರ್

ಮೈಕ್ರೋಸಾಫ್ಟ್ 1992ರಲ್ಲಿ ತಂದ ಒಡಿಬಿಸಿ, ಎಕ್ಸೆಲ್ ಮತ್ತು ಡೇಟಾಬೇಸ್‌ಗಳ ನಡುವಿನ ದುಭಾಷಿ. ಇಲ್ಲಿ ಎಡವುವುದು ಹೆಚ್ಚಾಗಿ ಬಿಟ್‌ಗಳ ಲೆಕ್ಕದಲ್ಲಿ. ಆಫೀಸ್ 32 ಬಿಟ್‌ನದಾಗಿದ್ದರೆ ಡ್ರೈವರೂ 32 ಬಿಟ್‌ನದೇ ಆಗಬೇಕು, ವಿಂಡೋಸ್ 64 ಬಿಟ್ ಆಗಿದ್ದರೂ ಸರಿ. ಇನ್ನೊಂದು ಗೊಂದಲವಿದೆ: 64 ಬಿಟ್ ವಿಂಡೋಸ್‌ನಲ್ಲಿ 64 ಬಿಟ್ ಒಡಿಬಿಸಿ ವ್ಯವಸ್ಥಾಪಕ ಇರುವುದು ‘ಸಿಸ್ಟಮ್32’ ಫೋಲ್ಡರಿನಲ್ಲಿ, 32 ಬಿಟ್‌ನದು ‘ಸಿಸ್‌ವಾವ್64’ ಫೋಲ್ಡರಿನಲ್ಲಿ.

ಪೋಸ್ಟ್‌ಗ್ರೆಸ್ ಡ್ರೈವರ್ ಹಾಕಿದಾಗ ‘ಆನ್ಸಿ’ ಮತ್ತು ‘ಯೂನಿಕೋಡ್’ ಎಂಬ ಎರಡು ಹೆಸರು ಕಾಣುತ್ತವೆ. ಕನ್ನಡ ಮಾಹಿತಿಗೆ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಡ್ರೈವರನ್ನೇ ಆರಿಸಿ. ಸಂಪರ್ಕ ಪೂರ್ತಿ ಸರಿಯಿದ್ದೂ ಶೀರ್ಷಿಕೆಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರಲು ಇಲ್ಲಿನ ಒಂದು ತಪ್ಪು ಆಯ್ಕೆ ಸಾಕು.

ಪ್ರಶ್ನಾರ್ಥಕ ಚಿಹ್ನೆ ಬಂದರೆ

ಗಾಬರಿಯಾಗಿ ಮಾಹಿತಿಯನ್ನು ತಿದ್ದಲು ಹೋಗುವ ಮೊದಲು, ಅಕ್ಷರಗಳು ಡೇಟಾಬೇಸಿನಲ್ಲೇ ಕೆಟ್ಟಿವೆಯೋ ದಾರಿಯಲ್ಲಿ ಕೆಟ್ಟಿವೆಯೋ ಎಂದು ಪತ್ತೆ ಮಾಡಿ. ‘ಮೈಸೂರು’ ಎಂಬ ಪದ ಯೂನಿಕೋಡಿನಲ್ಲಿ 6 ಸಂಕೇತಗಳು: ಮ, ಐಕಾರ, ಸ, ಊಕಾರ, ರ, ಉಕಾರ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು, ಒಟ್ಟು 18. ಸರ್ವರಿನಲ್ಲೇ ಕುಳಿತು, ಆ ಪದ ಮಾತ್ರ ಇರುವ ಅಂಕಣದ ಮೇಲೆ, ಬೈಟುಗಳನ್ನು ಎಣಿಸುವ ‘ಆಕ್ಟೆಟ್ ಲೆಂತ್’ ಫಂಕ್ಷನ್ ಓಡಿಸಿ. 18 ಬಂದರೆ ಮಾಹಿತಿ ಸುರಕ್ಷಿತ; ನಾಲ್ಕನೆಯ ಹಂತಕ್ಕೆ ಮರಳಿ ಡ್ರೈವರ್ ಬದಲಿಸಿ. 6 ಬಂದರೆ ಡೇಟಾಬೇಸಿನೊಳಗೆ ಇರುವುದೇ ಆರು ಪ್ರಶ್ನಾರ್ಥಕ ಚಿಹ್ನೆಗಳು. ಆಗ ಓದುವ ಕಡೆ ಏನು ಬದಲಿಸಿದರೂ ಫಲವಿಲ್ಲ. ಬ್ಯಾಕಪ್‌ನಿಂದ ಆ ಸಾಲುಗಳನ್ನು ಮರಳಿ ತನ್ನಿ, ಮತ್ತು ಮೊದಲು ಮಾಹಿತಿ ತುಂಬಿದ ಕಂಪ್ಯೂಟರಿನ ಡ್ರೈವರನ್ನು ಪರೀಕ್ಷಿಸಿ.