ಬ್ರೇಕ್ ಕಿರುಚಿದ್ಮೇಲೆ ಗೊತ್ತಾದ ಆಯಿಲ್ ವಿಷಯ

ಕೊಡಗಿನ ಪೊನ್ನಂಪೇಟೆ ಕಡೆ ನಮ್ದು ಕೆಳಗೆ ಗದ್ದೆ, ಮೇಲೆ ಕಾಫಿ ತೋಟ. ಇರೋದು ಒಂದೇ ಟ್ರ್ಯಾಕ್ಟರ್, ಮಳೆಗಾಲದಲ್ಲಿ ರೋಟವೇಟರ್ ಕಟ್ತೀವಿ, ರೊಬಸ್ಟಾ ಕುಯ್ಲು ಶುರುವಾದ್ರೆ ಟ್ರೇಲರ್.

ಹೋದ ವರ್ಷ ನಾಟಿ ಟೈಮಲ್ಲಿ ಟ್ರ್ಯಾಕ್ಟರ್ ಹಿಂದೆ ರೋಟವೇಟರ್ ಎತ್ತಿ ಇಳಿಸೋ ಲಿಫ್ಟ್ ಎತ್ತೋದು ನಿಧಾನ ಆಯ್ತು, ರೋಟವೇಟರ್ ಅರ್ಧಕ್ಕೆ ಬಂದು ನಡುಗೋದು, ಪಂಪ್ ಗೊಂಯ್ ಅನ್ನೋದು. ಕಡ್ಡಿ ಎಳೆದು ನೋಡಿದ್ರೆ ಆಯಿಲ್ ಕಮ್ಮಿ. ಅಂಗಡೀಲಿ ಹೈಡ್ರಾಲಿಕ್ ಆಯಿಲ್ ಕೊಡಿ ಅಂದೆ, 68 ನಂಬರ್ ಕೊಟ್ರು, ತಂದು ಸುರಿದೆ. ಲಿಫ್ಟ್ ಸರಿ ಹೋಯ್ತು, ನಾನೂ ಸುಮ್ನಾದೆ.

ಕೈಲ್ ಮುಹೂರ್ತ ಹಬ್ಬ ಮುಗಿದ್ಮೇಲೆ ಟ್ರೇಲರ್ ತುಂಬ ಗೊಬ್ಬರ ಹಾಕ್ಕೊಂಡು ತೋಟದ ಇಳಿಜಾರಲ್ಲಿ ಬರ್ತಾ ಬ್ರೇಕ್ ಒತ್ತಿದೆ ನೋಡಿ, ಕೀಂಯ್ ಅಂತ ಹಿಂದಿಂದ ಸದ್ದು, ಪೆಡಲ್ ಕಾಲಡಿಲೇ ಅದುರ್ತಾ ಇದೆ, ಹಿಡಿತಾನೂ ಸರಿಯಾಗಿ ಇಲ್ಲ. ಲೋ ಗೇರಲ್ಲಿ ಇದ್ದಿದ್ದಕ್ಕೆ ನಿಲ್ತು, ನಮ್ಮ ತೋಟದ ಆ ತಿರುವಲ್ಲಿ ಒಂದು ಕಡೆ ಆಳ ಇದೆ.

ಮೆಕ್ಯಾನಿಕ್ ಬಂದವ್ನು ಮೊದ್ಲು ಕೇಳಿದ್ದೇ "ಅಣ್ಣಾ, ಹಿಂದೆ ಯಾವ ಆಯಿಲ್ ಹಾಕಿದ್ರಿ?" ಅಂತ. ನಮ್ ಗಾಡೀದು ಆಯಿಲ್ ಬ್ರೇಕ್, ಅಂದ್ರೆ ಬ್ರೇಕ್ ಪ್ಲೇಟು ಎಣ್ಣೇಲೇ ಮುಳುಗಿರುತ್ತೆ, ಗೇರು, ಲಿಫ್ಟ್ ಪಂಪು, ಬ್ರೇಕ್ ಪ್ಲೇಟು ಮೂರಕ್ಕೂ ಒಂದೇ ಎಣ್ಣೆ. 68 ಅನ್ನೋದು 40 ಡಿಗ್ರಿ ಬಿಸೀಲಿ ಎಣ್ಣೆ ಎಷ್ಟು ದಪ್ಪ ಇರುತ್ತೆ ಅನ್ನೋ ಲೆಕ್ಕ ಅಷ್ಟೇ, ಅದ್ರಲ್ಲಿ ಬ್ರೇಕ್ ಪ್ಲೇಟಿಗೆ ಬೇಕಾದ ಅಡಿಟಿವ್ ಇರಲ್ಲ, ಗೇರ್ ಹಲ್ಲಿನ ಲೋಡಿಗೂ ಅದು ಮಾಡಿದ್ದಲ್ಲ. ಇಂಥ ಗಾಡಿಗೆ ಯುಟಿಟಿಒ (ಯೂನಿವರ್ಸಲ್ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್) ಅಂತ ಬೇರೆನೇ ಬರುತ್ತೆ, ಅಂಗಡೀಲಿ ವೆಟ್ ಬ್ರೇಕ್ ಆಯಿಲ್ ಅಂದ್ರೂ ಕೊಡ್ತಾರೆ. ಡ್ರೈ ಬ್ರೇಕ್ ಇರೋ ಹಳೇ ಗಾಡಿಗಳ ಲೆಕ್ಕ ಬೇರೆ, ಲಿಫ್ಟಿಗೆ ಬೇರೆ ಟ್ಯಾಂಕ್ ಇರೋದೂ ಇದೆ, ಅದಕ್ಕೇ ಪಕ್ಕದ ತೋಟದವ್ರು ಹಾಕೋದನ್ನ ನೋಡಿ ನಾವೂ ಹಾಕಬಾರ್ದು.

ಮಿಕ್ಸ್ ಆಗಿತ್ತಲ್ಲ, ಪೂರ್ತಿ ಇಳಿಸಿದ್ವಿ. ಸ್ವಲ್ಪ ಓಡಿಸಿ ಬಿಸಿ ಇರೋವಾಗ್ಲೇ ಡ್ರೈನ್ ಪ್ಲಗ್ ಬಿಚ್ಚಿದ್ರೆ ಕೆಸರೆಲ್ಲ ಜೊತೆಗೆ ಬರುತ್ತೆ. ಬಂದಿದ್ದು ನೋಡಿ ಬೇಜಾರಾಯ್ತು, ಹಾಲು ಹಾಕಿದ ಕಾಫಿ ಬಣ್ಣ! ಕಾದ ತವಾ ಮೇಲೆ ಒಂದು ಹನಿ ಬಿಟ್ರೆ ಚಟಚಟ ಅಂತು, ಅಂದ್ರೆ ನೀರು ಸೇರಿದೆ. ಕೆಸರುಗದ್ದೇಲಿ ಆಕ್ಸೆಲ್ ಮುಳುಗೋವರೆಗೂ ಓಡಿಸ್ತೀವಿ, ಒಳಗಿನ ಗಾಳಿ ಆಡೋಕೆ ಇರೋ ಬ್ರೀದರ್ ಮೇಲಿನ ಕ್ಯಾಪ್ ಒಡೆದು ಹೋಗಿದ್ದು ಯಾರೂ ನೋಡಿರ್ಲಿಲ್ಲ. ಕ್ಯಾಪ್ ಹೊಸದು, ಫಿಲ್ಟರ್ ಹೊಸದು, ಜಾಲರಿ ಡೀಸಲಲ್ಲಿ ತೊಳೆದು ಒಣಗಿಸಿ, ಆಮೇಲೆ ಮ್ಯಾನುಯಲಲ್ಲಿ ಬರೆದಿರೋ ಸ್ಪೆಸಿಫಿಕೇಶನ್ ಡಬ್ಬಿ ಹಿಂದೆ ಇದ್ಯಾ ಅಂತ ಓದಿ ನೋಡಿ ಹಾಕಿದ್ವಿ. ದುಡ್ಡು ಜಾಸ್ತಿನೇ ಆಯ್ತು, ಆದ್ರೆ ಬ್ರೇಕ್ ಪ್ಲೇಟ್ ಹೋದ್ರೆ ಹಿಂದಿನ ಹೌಸಿಂಗೇ ಬಿಚ್ಚಬೇಕು. ಎರಡ್ಮೂರು ದಿನ ಓಡಿಸಿದ್ಮೇಲೆ ಕೀಂಯ್ ಸದ್ದು ನಿಂತೋಯ್ತು.

ಈಗ ಮಳೆಗಾಲ ಪೂರ್ತಿ ವಾರಕ್ಕೊಂದ್ಸಲ ಬೆಳಗ್ಗೆ ಸ್ಟಾರ್ಟ್ ಮಾಡೋ ಮೊದ್ಲು, ಗಾಡಿ ಸಮ ಜಾಗದಲ್ಲಿ ನಿಲ್ಸಿ, ಲಿಫ್ಟ್ ಪೂರ್ತಿ ಕೆಳಗೆ ಬಿಟ್ಟು ಕಡ್ಡಿ ನೋಡ್ತೀನಿ. ಮೇಲೆತ್ತಿ ನೋಡಿದ್ರೆ ಸಿಲಿಂಡರಲ್ಲಿ ಇರೋ ಎಣ್ಣೆ ಲೆಕ್ಕಕ್ಕೆ ಸಿಗಲ್ಲ, ಕಮ್ಮಿ ಇದೆ ಅಂತ ಸುಮ್ನೆ ಜಾಸ್ತಿ ಸುರಿದುಬಿಡ್ತೀವಿ.